ಬೆಳ್ಳುಳ್ಳಿ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದಂತೆ, ನಿಜವಾ?

ಈ ಸಲ ಬಂದ ಪತ್ರಗಳಲ್ಲಿ ಆರು ಬೆಳ್ಳುಳ್ಳಿಯ ಬಗ್ಗೆಯೇ ಇದ್ದವು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಆರಕ್ಕೇ ಉತ್ತರ ಬರೆದಿದ್ದೇನೆ. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಹೋಗಿದೆ.

ಪ್ರಶ್ನೆ: ನಮ್ಮ ಅಪ್ಪನಿಗೆ 61 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿದೆ. ಎಂಟು ಸಲ ಕೀಮೋ ಎಂದಿದ್ದಾರೆ, ಮೂರು ಮುಗಿದಿದೆ. ಬೆರಳ ತುದಿ ಜುಂ ಎನ್ನುತ್ತದಂತೆ. ತಣ್ಣೀರು ಮುಟ್ಟಲು ಆಗುವುದಿಲ್ಲ, ಊಟ ಸೇರುತ್ತಿಲ್ಲ. ಅಣ್ಣ ಒಂದು ವಿಡಿಯೊ ತೋರಿಸಿದ. ಬೆಳ್ಳುಳ್ಳಿಯ ಸಾರ ಹಾಕಿದರೆ ಕ್ಯಾನ್ಸರ್ ಕೋಶಗಳು ಸಾಯುವುದನ್ನು ವಿಜ್ಞಾನಿಗಳೇ ತೋರಿಸಿದ್ದಾರಂತೆ. ಈಗ ಅಪ್ಪ ‘ಕೀಮೋ ಸಾಕು, ದಿನಾ ಹನ್ನೆರಡು ಎಸಳು ಹಸಿ ಬೆಳ್ಳುಳ್ಳಿ ತಿನ್ನುತ್ತೇನೆ’ ಎನ್ನುತ್ತಿದ್ದಾರೆ. ಮುಂದಿನ ಕೀಮೋಗೆ ಒಂಬತ್ತು ದಿನ ಇದೆ. ಆ ವಿಡಿಯೊ ಸುಳ್ಳಾ ಮೇಡಂ?
— ಹೆಸರು ಬೇಡ

ಉತ್ತರ: ಪತ್ರ ಸಿಕ್ಕ ದಿನವೇ ನಿಮಗೆ ಎರಡು ಸಾಲು ಬರೆದು ಕಳಿಸಿದ್ದೆ. ಕೀಮೋ ನಿಲ್ಲಿಸಬೇಡಿ, ಬೆರಳು ಜುಂ ಎನ್ನುವುದನ್ನು ನಾಳೆಯೇ ಡಾಕ್ಟರಿಗೆ ಹೇಳಿ ಎಂದು. ಅದಕ್ಕೆ ಕಾರಣ ಈಗ ಬರೆಯುತ್ತೇನೆ. ಅಪ್ಪನಿಗೂ ಅಣ್ಣನಿಗೂ ಓದಿ ಹೇಳಿ.

ವಿಡಿಯೊ ತೋರಿಸಿದ್ದು ಸುಳ್ಳಲ್ಲ. ನಾನೇ ಅದನ್ನು ಕಣ್ಣಾರೆ ನೋಡಿದ್ದೇನೆ. ಹನ್ನೊಂದು ವರ್ಷ ಒಂದು ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶಗಳನ್ನು ಬೆಳೆಸುವುದೇ ನನ್ನ ಕೆಲಸವಾಗಿತ್ತು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಪುಟ್ಟ ಗುಳಿಗಳು. ಪ್ರತಿ ಗುಳಿಯಲ್ಲೂ ಗುಲಾಬಿ ಬಣ್ಣದ ದ್ರವ, ಅದರ ತಳದಲ್ಲಿ ಕರುಳಿನ ಕ್ಯಾನ್ಸರಿನ ಕೋಶಗಳು. ಇನ್‌ಕ್ಯುಬೇಟರಿನಲ್ಲಿ 37 ಡಿಗ್ರಿ, ನಮ್ಮ ಮೈಯಷ್ಟೇ ಬಿಸಿ. ಅದಕ್ಕೆ ಬೆಳ್ಳುಳ್ಳಿ ಎಣ್ಣೆಯಲ್ಲಿರುವ ಡೈಅಲೈಲ್ ಟ್ರೈಸಲ್ಫೈಡ್ ಎಂಬ ವಸ್ತುವನ್ನು ಸೇರಿಸುತ್ತಿದ್ದೆವು. ಲ್ಯಾಬಿನಲ್ಲಿ ಅದನ್ನು ಡ್ಯಾಟ್ಸ್ ಎಂದು ಕರೆಯುತ್ತಿದ್ದೆವು. ಸಂಜೆ ಮನೆಗೆ ಹೋದರೂ ಕೂದಲಿನಿಂದ ಅದರ ವಾಸನೆ ಹೋಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ನಿನ್ನೆ ತಳಕ್ಕೆ ಅಂಟಿಕೊಂಡು ಚಾಚಿ ಮಲಗಿದ್ದ ಕೋಶಗಳು ಗುಂಡಗಾಗಿರುತ್ತಿದ್ದವು. ಹಲವು ತಳ ಬಿಟ್ಟು ತೇಲುತ್ತಿದ್ದವು. ಆಮೇಲೆ ಹಳದಿ ಬಣ್ಣದ ಒಂದು ರಾಸಾಯನಿಕ ಹಾಕುತ್ತೇವೆ. ಜೀವ ಇರುವ ಕೋಶ ಅದನ್ನು ನೇರಳೆ ಮಾಡುತ್ತದೆ. ಡ್ಯಾಟ್ಸ್ ಹಾಕದ ಗುಳಿಗಳು ಕಡು ನೇರಳೆ, ಹಾಕಿದ ಗುಳಿಗಳು ಹೆಚ್ಚುಕಡಿಮೆ ಹಳದಿಯಾಗಿಯೇ ಉಳಿಯುತ್ತಿದ್ದವು. ಮೊದಲ ಸಲ ಅದನ್ನು ನೋಡಿದಾಗ ನನಗಾದ ಖುಷಿ ಇನ್ನೂ ನೆನಪಿದೆ. ಅದಕ್ಕೇ ನಿಮ್ಮ ಅಣ್ಣನ ಮೇಲೆ ನನಗೆ ಕೋಪ ಬರುವುದಿಲ್ಲ.

ಅದು ಹೇಗೆ ಕೊಲ್ಲುತ್ತದೆ ಎಂದೂ ಸಾಕಷ್ಟು ತಿಳಿದಿದೆ. ಡ್ಯಾಟ್ಸ್‌ನಲ್ಲಿ ಮೂರು ಗಂಧಕದ ಪರಮಾಣುಗಳು ಸಾಲಾಗಿ ಕೂತಿರುತ್ತವೆ. ಪ್ರೋಟೀನುಗಳಲ್ಲಿ ಸಿಸ್ಟೀನ್ ಎಂಬ ತುಣುಕು ಇರುತ್ತದೆ, ಅದರಲ್ಲೂ ಗಂಧಕ. ಗಂಧಕ ಗಂಧಕವನ್ನು ಹಿಡಿದುಕೊಳ್ಳುತ್ತದೆ. ಒಂದು ಕೋಶ ಎರಡಾಗುವಾಗ ಒಳಗೆ ಹಗ್ಗದಂಥ ಎಳೆಗಳು ಹುಟ್ಟಿ, ಕ್ರೋಮೋಸೋಮ್‌ಗಳನ್ನು ಎರಡು ಬದಿಗೆ ಎಳೆಯುತ್ತವೆ. ಆ ಹಗ್ಗ ಟ್ಯೂಬ್ಯುಲಿನ್ ಎಂಬ ಪ್ರೋಟೀನಿನದು. ಜಪಾನಿನ ಸಂಶೋಧಕರು 2005ರಲ್ಲಿ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ತೋರಿಸಿದ್ದು ಇದನ್ನೇ. ಡ್ಯಾಟ್ಸ್ ಟ್ಯೂಬ್ಯುಲಿನ್‌ನ 12ನೇ ಮತ್ತು 354ನೇ ಸಿಸ್ಟೀನಿಗೆ ಹೋಗಿ ಕೂರುತ್ತದೆ. ಹಗ್ಗ ಕಟ್ಟಲು ಆಗುವುದಿಲ್ಲ. ಕೋಶ ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಕೊನೆಗೆ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಶಿವೇಂದ್ರ ಸಿಂಗ್ ಅವರ ತಂಡ ಪ್ರಾಸ್ಟೇಟ್ ಕ್ಯಾನ್ಸರಿನ ಕೋಶಗಳ ಮೇಲೆ ವರ್ಷಗಟ್ಟಲೆ ಇದೇ ಕೆಲಸ ಮಾಡಿತು. ಅದೇ ಪ್ರಮಾಣಕ್ಕೆ ಆರೋಗ್ಯವಂತ ಪ್ರಾಸ್ಟೇಟ್ ಕೋಶಗಳು ಅಷ್ಟಾಗಿ ಬಗ್ಗಲಿಲ್ಲ ಎಂದೂ ಅವರು ಕಂಡರು.

ಹಾಗಾದರೆ ಕೀಮೋ ಯಾಕೆ ಬೇಕು, ಅಲ್ವಾ? ಅಪ್ಪ ಕೇಳುವುದೂ ಅದನ್ನೇ.

ತಟ್ಟೆಯಲ್ಲಿ ನಾವು ಶುದ್ಧ ಡ್ಯಾಟ್ಸ್ ಅನ್ನು ನೇರವಾಗಿ ಕೋಶದ ಮೇಲೆ ಸುರಿಯುತ್ತೇವೆ. ಇಡೀ ದಿನ ಕೋಶ ಅದರಲ್ಲೇ ಮುಳುಗಿರುತ್ತದೆ. ಮಧ್ಯೆ ಹೊಟ್ಟೆ ಇಲ್ಲ, ಲಿವರ್ ಇಲ್ಲ, ರಕ್ತ ಇಲ್ಲ. ಬಾಯಿಗೆ ಹಾಕಿಕೊಂಡ ಬೆಳ್ಳುಳ್ಳಿ ಈ ಎಲ್ಲವನ್ನೂ ದಾಟಬೇಕು. ಗಂಧಕವನ್ನು ಕಂಡಲ್ಲಿ ಹಿಡಿದುಕೊಳ್ಳುವುದು ಅದರ ಗುಣ ಎಂದೆನಲ್ಲ, ಆ ಗುಣವೇ ಇಲ್ಲಿ ತೊಡಕು. ನಮ್ಮ ರಕ್ತದ ಕೆಂಪು ಕಣಗಳಲ್ಲಿ ಗ್ಲುಟಾಥಯೋನ್ ಎಂಬ ಗಂಧಕದ ವಸ್ತು ತುಂಬಿದೆ. ಬೆಳ್ಳುಳ್ಳಿ ಜಜ್ಜಿದಾಗ ಹುಟ್ಟುವ ಅಲಿಸಿನ್ ಅನ್ನು ರಕ್ತಕ್ಕೆ ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಕಾಣೆಯಾಗುತ್ತದೆ. ಒಂದೇ ಸಲ 25 ಗ್ರಾಂ ಹಸಿ ಬೆಳ್ಳುಳ್ಳಿ ತಿಂದವರ ರಕ್ತದಲ್ಲೂ ಮೂತ್ರದಲ್ಲೂ ಹುಡುಕಿ ನೋಡಿದ್ದಾರೆ. ಅಲಿಸಿನ್ ಸಿಗಲಿಲ್ಲ. ಕೊನೆಗೆ ಉಳಿಯುವುದು ಅಲೈಲ್ ಮೀಥೈಲ್ ಸಲ್ಫೈಡ್ ಎಂಬ ಅನಿಲ. ಬೆಳ್ಳುಳ್ಳಿ ತಿಂದು ಹಲ್ಲುಜ್ಜಿದ ಮೇಲೂ ಗಂಟೆಗಟ್ಟಲೆ ಉಸಿರು ನಾರುತ್ತದಲ್ಲ, ಅದು ಇದರ ವಾಸನೆ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಶ್ವಾಸಕೋಶಕ್ಕೆ ಬಂದು ಹೊರಗೆ ಹೋಗುತ್ತಿರುತ್ತದೆ. ನನ್ನ ತಟ್ಟೆಯಲ್ಲಿದ್ದ ಡ್ಯಾಟ್ಸ್ ಆ ರೂಪದಲ್ಲಿ, ಆ ಪ್ರಮಾಣದಲ್ಲಿ ಅಪ್ಪನ ಕರುಳಿನ ಹೊರಗೆಲ್ಲೋ ಅಡಗಿರುವ ಕೋಶವನ್ನು ಮುಟ್ಟುವುದಿಲ್ಲ. ಹನ್ನೆರಡು ಎಸಳು ತಿಂದರೂ ಅಷ್ಟೇ.

ಮನುಷ್ಯರ ಮೇಲೆ ಏನೂ ನೋಡಿಲ್ಲವೇ ಎಂದರೆ, ನೋಡಿದ್ದಾರೆ. ಅಮೆರಿಕದ ಅಯೋವಾದಲ್ಲಿ 41,837 ಮಹಿಳೆಯರ ಆಹಾರ ಬರೆದಿಟ್ಟು ಐದು ವರ್ಷ ಗಮನಿಸಿದರು. ಬೆಳ್ಳುಳ್ಳಿ ಹೆಚ್ಚು ತಿನ್ನುತ್ತಿದ್ದವರಲ್ಲಿ ಕರುಳಿನ ಕ್ಯಾನ್ಸರ್ ಸುಮಾರು ಮೂರನೇ ಒಂದು ಭಾಗ ಕಡಿಮೆ ಇತ್ತು. ಅದು 1994ರಲ್ಲಿ ಪ್ರಕಟವಾಯಿತು, ದೊಡ್ಡ ಸುದ್ದಿಯೂ ಆಯಿತು. ಸುಮಾರು ಇಪ್ಪತ್ತು ವರ್ಷದ ನಂತರ, 2013ರಲ್ಲಿ, ಅಮೆರಿಕದ ನರ್ಸುಗಳು ಮತ್ತು ಆರೋಗ್ಯ ಕ್ಷೇತ್ರದ ಗಂಡಸರು ಸೇರಿ 1 ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಬಂತು. ಎರಡು ದಶಕ ಗಮನಿಸಿದ್ದರು. ಬೆಳ್ಳುಳ್ಳಿಗೂ ಕರುಳಿನ ಕ್ಯಾನ್ಸರಿಗೂ ಸಂಬಂಧವೇ ಕಾಣಲಿಲ್ಲ. ಜಪಾನಿನಲ್ಲಿ ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ ಸಣ್ಣ ಗಂಟುಗಳಿದ್ದ 51 ಜನರ ಮೇಲೆ ಒಂದು ಪುಟ್ಟ ಪ್ರಯೋಗ ನಡೆಯಿತು. ತಿಂಗಳುಗಟ್ಟಲೆ ನೆನೆಸಿಟ್ಟು ತೆಗೆದ ಬೆಳ್ಳುಳ್ಳಿ ಸಾರವನ್ನು ಒಂದು ವರ್ಷ ಕೊಟ್ಟರು. ಜಾಸ್ತಿ ಪ್ರಮಾಣ ತೆಗೆದುಕೊಂಡವರಲ್ಲಿ ಪಾಲಿಪ್‌ಗಳು ಕಡಿಮೆಯಾದವು. ಒಳ್ಳೆಯ ಸುದ್ದಿಯೇ. ಆದರೆ ಮುಗಿಸಿದವರು 37 ಜನ ಮಾತ್ರ. ಪಾಲಿಪ್ ಇನ್ನೂ ಕ್ಯಾನ್ಸರ್ ಆಗಿರುವುದಿಲ್ಲ. ಕೀಮೋ ಬಿಡಿಸಿ ಬೆಳ್ಳುಳ್ಳಿ ಕೊಟ್ಟು ರೋಗಿ ಗುಣವಾದ ಪ್ರಯೋಗ ಒಂದೂ ಇಲ್ಲ.

ನನ್ನ ಮನೆಯ ವಿಷಯ ಹೇಳಬೇಕು. ನಾನು ಲ್ಯಾಬಿನಲ್ಲಿದ್ದ ಕಾಲದಲ್ಲೇ ನನ್ನ ಅಕ್ಕನಿಗೆ ಎದೆಯಲ್ಲಿ ಸಣ್ಣ ಗಂಟು ಕಂಡಿತ್ತು. ಅದನ್ನು ನನಗೆ ಹೇಳಲಿಲ್ಲ. ಒಂದು ದಿನ ಫೋನ್ ಮಾಡಿ, ‘ಬೆಳ್ಳುಳ್ಳಿ ಕ್ಯಾನ್ಸರಿಗೆ ಕೆಲಸ ಮಾಡುತ್ತಾ?’ ಎಂದು ಮಾತ್ರ ಕೇಳಿದಳು. ತಟ್ಟೆಗಳನ್ನು ಹೊರಗೆ ತೆಗೆದಿದ್ದೆ, ಅವಸರದಲ್ಲಿದ್ದೆ. ‘ಹೌದಕ್ಕ, ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ’ ಎಂದು ಫೋನ್ ಇಟ್ಟೆ. ಯಾಕೆ ಕೇಳುತ್ತಿದ್ದೀಯ ಎಂದು ಕೇಳಲಿಲ್ಲ. ಅವಳು ಐದು ತಿಂಗಳು ಬೆಳ್ಳುಳ್ಳಿ ಕ್ಯಾಪ್ಸೂಲ್ ನುಂಗಿದಳು. ತಂಗಿಯೇ ಹೇಳಿದ್ದಾಳಲ್ಲ ಎಂಬ ಧೈರ್ಯ ಅವಳಿಗೆ. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಗಂಟು ಕಂಕುಳಿನವರೆಗೆ ಹರಡಿತ್ತು. ಸಣ್ಣದರಲ್ಲಿ ಮುಗಿಯಬಹುದಾಗಿದ್ದ ಆಪರೇಷನ್ ದೊಡ್ಡದಾಯಿತು. ಅಕ್ಕ ಇಂದಿಗೂ ನಮ್ಮೊಂದಿಗಿದ್ದಾಳೆ, ಅದು ನಮ್ಮ ಪುಣ್ಯ. ಎಡಗೈ ಮಾತ್ರ ಈಗಲೂ ಊದಿಕೊಳ್ಳುತ್ತದೆ. ‘ನಮ್ಮಲ್ಲಿ’ ಎಂದರೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಎಂದು ನಾನು ಆ ದಿನ ಹೇಳಬೇಕಿತ್ತು.

ಈಗ ಅಪ್ಪನ ವಿಷಯ. ಆಪರೇಷನ್ನಿನಲ್ಲಿ ಕಣ್ಣಿಗೆ ಕಂಡ ಗಡ್ಡೆ ಹೋಗಿದೆ. ಕಾಣದೆ ಉಳಿದಿರಬಹುದಾದ ಕೋಶಗಳಿಗಾಗಿ ಈ ಕೀಮೋ. ಬೆರಳು ಜುಂ ಎನ್ನುವುದು, ತಣ್ಣನೆಯದು ಮುಟ್ಟಲಾಗದಿರುವುದು ಆಕ್ಸಾಲಿಪ್ಲಾಟಿನ್ ಎಂಬ ಔಷಧದ ಗುರುತು. ಅಪ್ಪನಿಗೆ ಅದನ್ನೇ ಕೊಡುತ್ತಿದ್ದಾರಾ ಕೇಳಿ. ಹೌದಾದರೆ ಅದರ ಪ್ರಮಾಣ ಇಳಿಸಬಹುದು, ಅದೊಂದನ್ನೇ ಕೈಬಿಡಲೂಬಹುದು. ಇನ್ನೊಂದು ಪ್ರಶ್ನೆಯನ್ನೂ ಬರೆದುಕೊಂಡು ಹೋಗಿ: ‘ಅಪ್ಪನಿಗೆ ಆರು ತಿಂಗಳ ಬದಲು ಮೂರು ತಿಂಗಳ ಕೀಮೋ ಸಾಕಾಗಬಹುದಾ?’ ಆರು ದೊಡ್ಡ ಪ್ರಯೋಗಗಳ 12,834 ರೋಗಿಗಳ ಲೆಕ್ಕ 2018ರಲ್ಲಿ ಒಟ್ಟಿಗೆ ಬಂತು. ಕರುಳಿನ ಕ್ಯಾನ್ಸರ್ ಪಕ್ಕದ ದುಗ್ಧಗ್ರಂಥಿಗಳಿಗೆ ಹರಡಿದ್ದರೂ ಅಪಾಯ ಕಡಿಮೆ ಇರುವ ಕೆಲವರಿಗೆ ಮೂರು ತಿಂಗಳು ಹೆಚ್ಚುಕಡಿಮೆ ಅಷ್ಟೇ ಫಲ ಕೊಡುತ್ತದೆ ಎಂದು ಕಂಡಿತು. ಅಪ್ಪ ಆ ಗುಂಪಿಗೆ ಸೇರುತ್ತಾರಾ ಎನ್ನುವುದು ಅವರ ಬಯಾಪ್ಸಿ ವರದಿ ನೋಡಿದ ಡಾಕ್ಟರಿಗೆ ಗೊತ್ತು. ‘ಸಾಕು’ ಎನ್ನುವ ಅಪ್ಪನಿಗೆ ಹೇಳಲು ನಿಮ್ಮ ಕೈಯಲ್ಲಿ ಏನಾದರೂ ಇರಲಿ ಎಂದು ಇದನ್ನು ಬರೆದೆ. ಅವರು ಬೇಡ ಎನ್ನುತ್ತಿರುವುದು ಆ ನೋವನ್ನು. ನೋವು ಕಡಿಮೆ ಮಾಡುವ ದಾರಿ ಡಾಕ್ಟರ ಹತ್ತಿರ ಇದೆ, ಯಾರಾದರೂ ಕೇಳಬೇಕು ಅಷ್ಟೇ.

ಅಡುಗೆಯಲ್ಲಿ ಬೆಂದ ಬೆಳ್ಳುಳ್ಳಿ ಅಪ್ಪನಿಗೆ ಇಷ್ಟವಿದ್ದರೆ ಹಾಕಿ. ಖಾಲಿ ಹೊಟ್ಟೆಯಲ್ಲಿ ಹನ್ನೆರಡು ಹಸಿ ಎಸಳು ಖಂಡಿತ ಬೇಡ. ಕೀಮೋದಿಂದ ಬಾಯಿ, ಹೊಟ್ಟೆಯ ಒಳಪದರ ಮೊದಲೇ ನವೆದಿರುತ್ತದೆ. ಉರಿ, ವಾಂತಿ ಇನ್ನೂ ಜಾಸ್ತಿ ಆಗುತ್ತದೆ. ಕೀಮೋದಿಂದ ಪ್ಲೇಟ್ಲೆಟ್ ಇಳಿದಿದ್ದರೆ ರಕ್ತಸ್ರಾವದ ಭಯವೂ ಇದೆ.

ಪ್ರಶ್ನೆ: ಬೆಳ್ಳುಳ್ಳಿಯನ್ನು ಹಸಿಯಾಗಿ ತಿನ್ನಬೇಕೋ ಬೇಯಿಸಿಯೋ? ಜಜ್ಜಿ ಹತ್ತು ನಿಮಿಷ ಬಿಡಬೇಕು ಅನ್ನುತ್ತಾರೆ, ಅದರಲ್ಲಿ ಹುರುಳಿದೆಯೇ? ಇಡೀ ಎಸಳು ನುಂಗಿದರೆ ಆಗದೇ?
— ಗೃಹಿಣಿ

ಉತ್ತರ: ಹುರುಳಿದೆ. ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ.

ಸಿಪ್ಪೆ ಸುಲಿದ ಎಸಳನ್ನು ಹಾಗೇ ಮೂಸಿ ನೋಡಿ. ವಾಸನೆ ತೀರಾ ಕಡಿಮೆ. ಜಜ್ಜಿದ ಕೂಡಲೇ ಮೂಗಿಗೆ ಹೊಡೆಯುತ್ತದೆ. ಆ ಕ್ಷಣದಲ್ಲಿ ಹುಟ್ಟಿದ್ದೇ ಅಲಿಸಿನ್. ಎಸಳಿನೊಳಗೆ ಅದು ಮೊದಲೇ ಇರುವುದಿಲ್ಲ. ಇರುವುದು ಅಲಿಯಿನ್ ಎಂಬ ವಾಸನೆಯಿಲ್ಲದ ವಸ್ತು. ಅದೇ ಎಸಳಿನಲ್ಲಿ, ಬೇರೆ ಗೂಡಿನಲ್ಲಿ, ಅಲಿನೇಸ್ ಎಂಬ ಕಿಣ್ವ ಇರುತ್ತದೆ. ಎರಡರ ನಡುವೆ ಗೋಡೆ. ಜಜ್ಜಿದರೆ, ಕಚ್ಚಿದರೆ, ಹೆಚ್ಚಿದರೆ ಗೋಡೆ ಒಡೆದು ಎರಡೂ ಸೇರುತ್ತವೆ. ಹುಳು ಕಚ್ಚಿದಾಗ ಗಿಡ ತನ್ನನ್ನು ಕಾಪಾಡಿಕೊಳ್ಳುವ ಉಪಾಯ ಅದು. ಆಮೇಲೆ ಅಲಿಸಿನ್ ತಾನೂ ನಿಲ್ಲದೆ ಒಡೆದು ಡೈಅಲೈಲ್ ಡೈಸಲ್ಫೈಡ್, ನಾನು ಮೇಲೆ ಹೇಳಿದ ಡ್ಯಾಟ್ಸ್, ಅಜೋಯೀನ್ ಹೀಗೆ ಹಲವು ವಸ್ತುಗಳಾಗುತ್ತದೆ.

ಕಿಣ್ವ ಬಿಸಿಯನ್ನು ತಡೆಯುವುದಿಲ್ಲ. ಹೊಟ್ಟೆಯ ಹುಳಿ ಆಮ್ಲವನ್ನೂ ತಡೆಯುವುದಿಲ್ಲ. ಇಡೀ ಎಸಳನ್ನು ಮಾತ್ರೆಯಂತೆ ನುಂಗಿದರೆ ಅಲಿಸಿನ್ ಹುಟ್ಟುವ ಮೊದಲೇ ಕಿಣ್ವದ ಕಥೆ ಮುಗಿಯುತ್ತದೆ. ಹತ್ತು ನಿಮಿಷದ ಮಾತು ಬಂದಿದ್ದು ಅಮೆರಿಕದ ಜಾನ್ ಮಿಲ್ನರ್ ಮತ್ತು ಕುನ್ ಸಾಂಗ್ ಅವರ ಇಲಿ ಪ್ರಯೋಗಗಳಿಂದ. ಕ್ಯಾನ್ಸರ್ ತರುವ ಒಂದು ರಾಸಾಯನಿಕವನ್ನು ಇಲಿಗಳಿಗೆ ಕೊಟ್ಟು, ಅದು ಸ್ತನದ ಕೋಶಗಳ ಡಿಎನ್‌ಎಗೆ ಎಷ್ಟು ಅಂಟಿತು ಎಂದು ಅಳೆದರು. ಹಸಿ ಬೆಳ್ಳುಳ್ಳಿ ಕೊಟ್ಟಾಗ ಅಂಟುವುದು ಕಡಿಮೆಯಾಯಿತು. ಬೆಳ್ಳುಳ್ಳಿಯನ್ನು ಮೈಕ್ರೋವೇವ್‌ನಲ್ಲಿ ಬರೀ 60 ಸೆಕೆಂಡ್ ಇಟ್ಟು ಕೊಟ್ಟಾಗ ಆ ಗುಣ ಹೊರಟುಹೋಯಿತು. ಜಜ್ಜಿ 10 ನಿಮಿಷ ಬಿಟ್ಟು, ಆಮೇಲೆ ಅಷ್ಟೇ ಹೊತ್ತು ಬಿಸಿ ಮಾಡಿದಾಗ ಗುಣ ಪೂರ್ತಿ ಹೋಗಲಿಲ್ಲ. ಬೇಯುವ ಮೊದಲೇ ಕಿಣ್ವ ತನ್ನ ಕೆಲಸ ಮುಗಿಸಿತ್ತು.

ನಾನು ಮನೆಯಲ್ಲಿ ಮೊದಲು ಬೆಳ್ಳುಳ್ಳಿ ಜಜ್ಜಿ ಬದಿಗಿಟ್ಟು, ಆಮೇಲೆ ತರಕಾರಿ ಹೆಚ್ಚಲು ಕೂರುತ್ತೇನೆ. ಹತ್ತು ನಿಮಿಷ ತಾನಾಗಿಯೇ ಆಗುತ್ತದೆ. ಜಜ್ಜಿದ್ದನ್ನು ಎಣ್ಣೆಯಲ್ಲಿ ಮುಳುಗಿಸಿ ದಿನಗಟ್ಟಲೆ ಹೊರಗೆ ಮಾತ್ರ ಇಡಬೇಡಿ. ಗಾಳಿ ಸಿಗದ ಆ ಎಣ್ಣೆಯಲ್ಲಿ ಬೊಟುಲಿಸಂ ಎಂಬ, ನರಗಳನ್ನು ಸೋಲಿಸುವ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಎಣ್ಣೆಯಲ್ಲಿಟ್ಟ ಬಾಟಲಿ ಬೆಳ್ಳುಳ್ಳಿಯಿಂದ 36 ಜನ ಹಾಗೆ ಮಲಗಿದರು. ರುಚಿಯಲ್ಲೂ ವಾಸನೆಯಲ್ಲೂ ಅದು ಗೊತ್ತಾಗುವುದಿಲ್ಲ.

ಪ್ರಶ್ನೆ: ನನ್ನ ತಂದೆ, ದೊಡ್ಡಪ್ಪ ಇಬ್ಬರೂ ಹೊಟ್ಟೆಯ ಕ್ಯಾನ್ಸರಿನಲ್ಲಿ ಹೋದರು. ನನಗೆ 44. ಬೆಳ್ಳುಳ್ಳಿ ಮಾತ್ರೆ ತೆಗೆದುಕೊಂಡರೆ ತಪ್ಪಿಸಬಹುದೇ?
— ಶಿಕ್ಷಕ

ಉತ್ತರ: ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಒಂದು ಪ್ರಯೋಗ ಇದೆ. ಬೆಳ್ಳುಳ್ಳಿಯ ಬಗ್ಗೆ ನಡೆದ ಕೆಲಸಗಳಲ್ಲಿ ನಾನು ಅತಿ ಹೆಚ್ಚು ಗೌರವ ಕೊಡುವುದು ಇದಕ್ಕೇ.

ಚೀನಾದ ಶಾನ್‌ಡಾಂಗ್ ಪ್ರಾಂತ್ಯದ ಲಿಂಚು ಎಂಬಲ್ಲಿ ಹೊಟ್ಟೆಯ ಕ್ಯಾನ್ಸರ್ ತುಂಬಾ ಜಾಸ್ತಿ. ಬೆಳ್ಳುಳ್ಳಿ, ಈರುಳ್ಳಿ ಜಾತಿಯವನ್ನು ಹೆಚ್ಚು ತಿನ್ನುವವರಲ್ಲಿ ಅದು ಕಡಿಮೆ ಎಂದು 1989ರಲ್ಲೇ ಅಲ್ಲಿ ಕಂಡಿದ್ದರು. ತಿನ್ನುವವರನ್ನು ಗಮನಿಸಿದರೆ ಸಾಲದು, ಕೊಟ್ಟು ನೋಡಬೇಕು ಎಂದು 1995ರಲ್ಲಿ 3,365 ಜನರನ್ನು ಸೇರಿಸಿಕೊಂಡರು. ಚೀಟಿ ಎತ್ತಿದಂತೆ ಗುಂಪು ಮಾಡಿದರು. ಹೊಟ್ಟೆಯಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದ್ದ ಕೆಲವರಿಗೆ ಎರಡೇ ವಾರ ಅದನ್ನು ತೆಗೆಯುವ ಮಾತ್ರೆ. ಕೆಲವರಿಗೆ ವಿಟಮಿನ್, ಕೆಲವರಿಗೆ ಬೆಳ್ಳುಳ್ಳಿ ಸಾರ ಮತ್ತು ಬೆಳ್ಳುಳ್ಳಿ ಎಣ್ಣೆ. ಇವೆರಡನ್ನೂ ಏಳು ವರ್ಷಕ್ಕೂ ಹೆಚ್ಚು ಕಾಲ ಕೊಟ್ಟರು. ಉಳಿದವರಿಗೆ ಅದೇ ರೀತಿ ಕಾಣುವ, ಔಷಧವಿಲ್ಲದ ಮಾತ್ರೆ.

2006ರಲ್ಲಿ ಮೊದಲ ಫಲಿತಾಂಶ ಬಂತು. ಹೊಟ್ಟೆಯ ಒಳಪದರದಲ್ಲಿ ಕ್ಯಾನ್ಸರಿಗೆ ಮುಂಚೆ ಆಗುವ ಬದಲಾವಣೆಗಳನ್ನು ನೋಡಿದರೆ, ಬೆಳ್ಳುಳ್ಳಿಯಿಂದ ಲಾಭ ಕಾಣಲಿಲ್ಲ. ಅವರು ಬಿಡಲಿಲ್ಲ. ಅದೇ ಜನರನ್ನು 22 ವರ್ಷ ಗಮನಿಸಿ 2019ರಲ್ಲಿ ಮತ್ತೆ ಲೆಕ್ಕ ಕೊಟ್ಟರು. ಬೆಳ್ಳುಳ್ಳಿ ತೆಗೆದುಕೊಂಡವರಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ಆದ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆ ಇತ್ತು. ಕ್ಯಾನ್ಸರ್ ಬರುವುದು ಕೂಡ ತುಸು ಕಡಿಮೆ ಕಂಡಿತು, ಆದರೆ ಅದು ಸುಮ್ನೆ ಆಕಸ್ಮಿಕವಾಗಿಯೂ ಆಗಿರಬಹುದಾದಷ್ಟು ಸಣ್ಣ ವ್ಯತ್ಯಾಸ. ಸಾವಿನ ಲೆಕ್ಕವೂ ಅಂಚಿನಲ್ಲೇ ನಿಂತಿದೆ.

ಪಕ್ಕದ ಗುಂಪನ್ನು ನೋಡಿ. ಬ್ಯಾಕ್ಟೀರಿಯಾ ತೆಗೆಯಲು ಎರಡು ವಾರ ಮಾತ್ರೆ ನುಂಗಿದವರಲ್ಲಿ ಕ್ಯಾನ್ಸರ್ ಬರುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಏಳು ವರ್ಷದ ಬೆಳ್ಳುಳ್ಳಿಗಿಂತ ಎರಡು ವಾರದ ಆ ಚಿಕಿತ್ಸೆ ಹೆಚ್ಚು ಕೆಲಸ ಮಾಡಿತು. ಹಾಗಾಗಿ ಮೇಷ್ಟ್ರೇ, ನೀವು ಮೊದಲು ಮಾಡಿಸಬೇಕಾದ್ದು ಹೆಲಿಕೋಬ್ಯಾಕ್ಟರ್ ಪರೀಕ್ಷೆ. ಉಸಿರಿನಿಂದಲೋ ಮಲದಿಂದಲೋ ಗೊತ್ತಾಗುತ್ತದೆ. ಇದ್ದರೆ ಚಿಕಿತ್ಸೆ ಪಡೆದು, ಹೋಗಿದೆಯೇ ಎಂದು ಮತ್ತೊಮ್ಮೆ ನೋಡಿಸಿ. ಮನೆಯಲ್ಲಿ ಇಬ್ಬರಿಗೆ ಬಂದಿದೆ ಎಂದು ಹೇಳಿದರೆ ಎಂಡೋಸ್ಕೋಪಿ ಬೇಕೇ ಎಂದು ಡಾಕ್ಟರು ತೀರ್ಮಾನಿಸುತ್ತಾರೆ. ಬೀಡಿ ಸಿಗರೇಟು ಇದ್ದರೆ ಬಿಡಿ, ಉಪ್ಪು ಇಳಿಸಿ. ಊಟದಲ್ಲಿ ಬೆಳ್ಳುಳ್ಳಿ ಖಂಡಿತ ಇರಲಿ.

ಮಾತ್ರೆ ಕೊಳ್ಳುವ ಮೊದಲು ಇದೊಂದು ತಿಳಿದಿರಲಿ. ‘ಬೆಳ್ಳುಳ್ಳಿ ಮಾತ್ರೆ’ ಎಂಬುದು ಒಂದೇ ವಸ್ತುವಲ್ಲ. ಎಣ್ಣೆಯಲ್ಲಿ ಡ್ಯಾಟ್ಸ್‌ನಂಥ ಸಲ್ಫೈಡುಗಳು. ಹಳೆಯದಾಗಿಸಿದ ಸಾರದಲ್ಲಿ ಮುಖ್ಯವಾಗಿ ಎಸ್-ಅಲೈಲ್ ಸಿಸ್ಟೀನ್. ಒಣಪುಡಿಯಲ್ಲಿ ಅಲಿಯಿನ್ ಮತ್ತು ಹೊಟ್ಟೆಯ ಆಮ್ಲದಲ್ಲಿ ಸಾಯುವ ಕಿಣ್ವ. ಒಂದರ ಮೇಲೆ ನಡೆದ ಪ್ರಯೋಗವನ್ನು ತೋರಿಸಿ ಇನ್ನೊಂದನ್ನು ಮಾರುವುದು ಸರಿಯಲ್ಲ.

ಪ್ರಶ್ನೆ: ಕುತ್ತಿಗೆಯಲ್ಲಿ ಗಂಟಾಗಿದೆ. ಬೆಳ್ಳುಳ್ಳಿ ಅರೆದು ಕಟ್ಟಿದರೆ ಕರಗುತ್ತದೆ ಎಂದರು. ಎರಡು ರಾತ್ರಿ ಕಟ್ಟಿದೆ. ಈಗ ಚರ್ಮ ಕೆಂಪಾಗಿ ಗುಳ್ಳೆ ಎದ್ದಿದೆ. ಔಷಧಿ ಎಳೆಯುತ್ತಿದೆ ಎಂದರ್ಥವೇ?
— ಓದುಗ

ಉತ್ತರ: ಇಲ್ಲ, ಚರ್ಮ ಸುಟ್ಟಿದೆ. ಅರೆದ ಹಸಿ ಬೆಳ್ಳುಳ್ಳಿಯನ್ನು ಗಂಟೆಗಟ್ಟಲೆ ಕಟ್ಟಿದರೆ ಬೆಂಕಿ ತಾಗಿದಂತೆಯೇ ಬೊಕ್ಕೆ ಬರುತ್ತದೆ. ಗಂಧಕದ ವಸ್ತು ಆರೋಗ್ಯದ ಕೋಶವನ್ನೂ ಬಿಡುವುದಿಲ್ಲ. ಕೂಡಲೇ ತೆಗೆದು, ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಗುಳ್ಳೆ ಒಡೆಯಬೇಡಿ. ಮತ್ತೆ ಕಟ್ಟಬೇಡಿ. ಗಂಟು ಯಾವಾಗ ಕಂಡಿತು ಎಂದು ನೀವು ಬರೆದಿಲ್ಲ. ಕುತ್ತಿಗೆಯ ಗಂಟಿಗೆ ನೂರು ಕಾರಣ, ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಆದರೂ ಈ ವಾರವೇ ಡಾಕ್ಟರಿಗೆ ತೋರಿಸಿ. ನನ್ನ ಅಕ್ಕ ಕಾದಂತೆ ದಯವಿಟ್ಟು ಕಾಯಬೇಡಿ.

ಪ್ರಶ್ನೆ: ಅಮ್ಮನಿಗೆ ಇನ್ನು ಎರಡು ವಾರಕ್ಕೆ ಸ್ತನದ ಆಪರೇಷನ್. ರಕ್ತ ತೆಳುವಾಗಿಸುವ ಮಾತ್ರೆ ಮೊದಲಿನಿಂದಲೂ ಇದೆ. ಜೊತೆಗೆ ಚಿಕ್ಕಮ್ಮ ಕೊಟ್ಟ ಬೆಳ್ಳುಳ್ಳಿ ಕ್ಯಾಪ್ಸೂಲ್ ದಿನಾ ಎರಡು ತೆಗೆದುಕೊಳ್ಳುತ್ತಾರೆ. ಡಾಕ್ಟರಿಗೆ ಹೇಳಿಲ್ಲ, ಬೈತಾರೆ ಅಂತ ಭಯ.
— ಮಗ

ಉತ್ತರ: ಇವತ್ತೇ ಹೇಳಿ. ಬೈದರೂ ಪರವಾಗಿಲ್ಲ. ಬೆಳ್ಳುಳ್ಳಿಯಲ್ಲಿ ಹುಟ್ಟುವ ಅಜೋಯೀನ್ ಪ್ಲೇಟ್ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ತಡೆಯುತ್ತದೆ. 1984ರಲ್ಲಿ ಅದನ್ನು ಗುರುತಿಸಿದ್ದೂ ಆ ಗುಣದಿಂದಲೇ. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಸೇರಿದರೆ ಆಪರೇಷನ್ ಹೊತ್ತಿನಲ್ಲಿ ರಕ್ತ ನಿಲ್ಲುವುದು ಕಷ್ಟ. ಬೆಳ್ಳುಳ್ಳಿ ಕ್ಯಾಪ್ಸೂಲನ್ನು ಆಪರೇಷನ್ನಿಗೆ ಕನಿಷ್ಠ 7 ದಿನ ಮೊದಲೇ ನಿಲ್ಲಿಸಬೇಕು ಎನ್ನುವುದು ಅರಿವಳಿಕೆ ತಜ್ಞರ ಸಾಮಾನ್ಯ ಸಲಹೆ. ನಿಮಗೆ ಸಮಯ ಇದೆ. ರಕ್ತದ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಯಾವಾಗ ನಿಲ್ಲಿಸಬೇಕು ಎಂದು ಅವರೇ ಹೇಳಲಿ.

ಕ್ಯಾಪ್ಸೂಲು ಬೇರೆ ಔಷಧಗಳ ಜೊತೆಗೂ ಜಗಳ ತೆಗೆಯಬಹುದು. ಎಚ್‌ಐವಿಗೆ ಕೊಡುತ್ತಿದ್ದ ಸಕ್ವಿನಾವಿರ್ ಎಂಬ ಔಷಧದ ಜೊತೆ ಬೆಳ್ಳುಳ್ಳಿ ಕ್ಯಾಪ್ಸೂಲ್ ಕೊಟ್ಟು ನೋಡಿದಾಗ, ರಕ್ತದಲ್ಲಿ ಆ ಔಷಧದ ಮಟ್ಟ ಅರ್ಧಕ್ಕೆ ಇಳಿದಿತ್ತು. ಹಾಗಾಗಿ ಮುಂದೆ ಕೀಮೋ ಶುರುವಾದರೆ ಆಗಲೂ ಕೇಳದೆ ಕೊಡಬೇಡಿ. ಅಡುಗೆಗೆ ಹಾಕುವ ಒಂದೆರಡು ಎಸಳಿಗೆ ಇಷ್ಟು ಹೆದರಬೇಕಿಲ್ಲ. ಚಿಕ್ಕಮ್ಮ ಪ್ರೀತಿಯಿಂದಲೇ ಕೊಟ್ಟಿದ್ದಾರೆ. ಡಬ್ಬಿಯನ್ನು ಡಾಕ್ಟರಿಗೆ ತೋರಿಸಲು ತೆಗೆದುಕೊಂಡು ಹೋಗಿ, ಸಾಕು.

ಪ್ರಶ್ನೆ: ನಾನು ಬಯೋಕೆಮಿಸ್ಟ್ರಿ ಎಂಎಸ್ಸಿ ವಿದ್ಯಾರ್ಥಿನಿ. ಪ್ರಾಜೆಕ್ಟಿಗೆ ಬೆಳ್ಳುಳ್ಳಿಯ ಸಲ್ಫೈಡುಗಳನ್ನು ತೆಗೆದುಕೊಂಡಿದ್ದೇನೆ. ಇಷ್ಟು ವರ್ಷವಾದರೂ ಇದರಿಂದ ಔಷಧ ಯಾಕೆ ಬಂದಿಲ್ಲ? ನಾನು ಬೇರೆ ವಿಷಯ ಹಿಡಿಯಬೇಕಾ?
— ವಿದ್ಯಾರ್ಥಿನಿ

ಉತ್ತರ: ಬಿಡಬೇಡಿ. ಕ್ಯಾವಲಿಟೊ ಮತ್ತು ಬೈಲಿ 1944ರಲ್ಲಿ ಅಲಿಸಿನ್ ಅನ್ನು ಬೇರ್ಪಡಿಸಿದರು. 1957ರಲ್ಲೇ ವೈಸ್‌ಬರ್ಗರ್ ಮತ್ತು ಪೆನ್ಸ್‌ಕಿ ಗಡ್ಡೆಯ ಕೋಶಗಳನ್ನು ಅಲಿಯಿನ್‌ನಂಥ ವಸ್ತು ಮತ್ತು ಬೆಳ್ಳುಳ್ಳಿಯ ಕಿಣ್ವದ ಮಿಶ್ರಣದಲ್ಲಿಟ್ಟು ಇಲಿಗಳಿಗೆ ಚುಚ್ಚಿದರು. ಗಡ್ಡೆ ಬೆಳೆಯಲಿಲ್ಲ. ಅಷ್ಟು ಹಳೆಯ ಕಥೆ ಇದು.

ನಿತ್ಯಪುಷ್ಪ ಗಿಡದ ವಿನ್‌ಕ್ರಿಸ್ಟಿನ್ ಜೊತೆ ಹೋಲಿಸಿ ನೋಡಿ. ಅದೂ ಟ್ಯೂಬ್ಯುಲಿನ್ನಿಗೇ ಅಂಟುತ್ತದೆ, ಅದೂ ಗಿಡದಿಂದಲೇ ಬಂದದ್ದು. 1960ರ ದಶಕದಿಂದ ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುತ್ತಿದ್ದಾರೆ. ವಿನ್‌ಕ್ರಿಸ್ಟಿನ್ ರಕ್ತದಲ್ಲಿ ಒಡೆಯದೆ ಹೋಗಿ, ಟ್ಯೂಬ್ಯುಲಿನ್ನಿನ ಒಂದು ನಿರ್ದಿಷ್ಟ ಜಾಗದಲ್ಲಿ ಕೂರುತ್ತದೆ. ಡ್ಯಾಟ್ಸ್, ಅಲಿಸಿನ್‌ಗೆ ಆ ಆಯ್ಕೆ ಇಲ್ಲ. ದಾರಿಯಲ್ಲಿ ಸಿಕ್ಕ ಮೊದಲ ಗಂಧಕಕ್ಕೇ ಅಂಟಿ ಅಲ್ಲೇ ಉಳಿಯುತ್ತವೆ.

ಈ ತೊಡಕನ್ನು ಅತಿ ಚಂದವಾಗಿ ದಾಟಲು ಯತ್ನಿಸಿದವರು ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು. 2003ರ ಆ ಲೇಖನವನ್ನು ಹುಡುಕಿ ಓದಿ. ಅಲಿಸಿನ್ ಕಳಿಸಿದರೆ ತಲುಪುವುದಿಲ್ಲ ತಾನೇ? ಹಾಗಾದರೆ ಅದು ಗಡ್ಡೆಯ ಬಳಿಯೇ ಹುಟ್ಟಲಿ ಎಂದು ಅವರು ಯೋಚಿಸಿದರು. ಹೊಟ್ಟೆಯ ಕ್ಯಾನ್ಸರಿನ ಕೋಶಗಳ ಮೇಲಿರುವ ಇಆರ್‌ಬಿಬಿ2 ಗುರುತನ್ನು ಹಿಡಿಯುವ ಆಂಟಿಬಾಡಿಗೆ ಅಲಿನೇಸ್ ಕಿಣ್ವವನ್ನು ಜೋಡಿಸಿದರು. ಅದು ಹೋಗಿ ಗಡ್ಡೆಗೆ ಅಂಟಿದ ಮೇಲೆ ನಿರುಪದ್ರವಿ ಅಲಿಯಿನ್ ಚುಚ್ಚಿದರು. ಎರಡೂ ಸೇರಿದ್ದು ಗಡ್ಡೆಯ ಮೇಲೆ. ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ತಗ್ಗಿತು. ಎಸಳಿನೊಳಗಿನ ಎರಡು ಗೂಡಿನ ಉಪಾಯವನ್ನೇ ಗಡ್ಡೆಯ ಮೇಲೆ ಕಟ್ಟಿದ್ದಾರೆ. ಓದಿದ ದಿನ ನಾನು ಲ್ಯಾಬಿನಲ್ಲಿ ಎಲ್ಲರನ್ನೂ ಕರೆದು ತೋರಿಸಿದ್ದೆ. ಅದು ಇನ್ನೂ ಔಷಧವಾಗಿ ರೋಗಿಯ ಕೈಗೆ ಬಂದಿಲ್ಲ. ನಿಮ್ಮಂಥವರಿಗೆ ಕೆಲಸ ಬಾಕಿ ಇದೆ.

ನಿಮ್ಮ ಪ್ರಾಜೆಕ್ಟಿಗೆ ಬೇಕಾದ ಎರಡು ಮಾತು. ಎಂಟಿಟಿ ಪರೀಕ್ಷೆ (ಮೊದಲ ಉತ್ತರದಲ್ಲಿ ಹೇಳಿದ ಹಳದಿ-ನೇರಳೆ ಪರೀಕ್ಷೆ) ಮಾಡುವಾಗ, ಕೋಶಗಳೇ ಇಲ್ಲದ ಗುಳಿಗೂ ನಿಮ್ಮ ವಸ್ತುವನ್ನು ಹಾಕಿ ನೋಡಿ. ಗಂಧಕದ ಕೆಲವು ವಸ್ತುಗಳು ಕೋಶದ ಸಹಾಯವಿಲ್ಲದೆ ತಾವೇ ಹಳದಿಯನ್ನು ನೇರಳೆ ಮಾಡುತ್ತವೆ. ಸತ್ತ ಕೋಶ ಬದುಕಿದಂತೆ ಕಾಣುತ್ತದೆ. ಎರಡನೆಯದು, ಈ ವಸ್ತುಗಳು ಆವಿಯಾಗಿ ಪಕ್ಕದ ಗುಳಿಗೆ ಹೋಗುತ್ತವೆ. ನಮ್ಮ ಕಂಟ್ರೋಲ್ ಕೋಶಗಳು, ಅಂದರೆ ಏನೂ ಹಾಕದೆ ಹೋಲಿಕೆಗೆ ಇಟ್ಟವು, ಯಾಕೆ ಸೊರಗುತ್ತಿವೆ ಎಂದು ತಿಳಿಯದೆ ನಾನು ಎರಡು ತಿಂಗಳು ಕಳೆದಿದ್ದೇನೆ. ಕಂಟ್ರೋಲ್‌ಗೆ ಬೇರೆ ತಟ್ಟೆಯನ್ನೇ ಇಡಿ, ಸಾಧ್ಯವಾದರೆ ಬೇರೆ ಇನ್‌ಕ್ಯುಬೇಟರಿನಲ್ಲೇ ಇಡಿ.